ಬಿ-ಕಾಂಪ್ಲೆಕ್ಸ್ ಡಬ್ಬಿಯ ಬಿಳಿ ಗುಳಿಗೆ

ಆನಂದಕುಮಾರನಿಗೆ ಮೂವತ್ತೊಂದು ವರ್ಷ. ಅವನ ದಣಿವಿಗೆ ಮಾತ್ರ ಅರವತ್ತು ದಾಟಿರಬೇಕು. ಮುಂಜಾನೆ ಕಮಲಾಪುರದಿಂದ ಬಸ್ಸಿನಲ್ಲಿ ನಿಂತು ಬರುವುದು, ನಂದೂರಿನ ದಾಲ್ ಮಿಲ್ಲಿನಲ್ಲಿ ದಿನವಿಡೀ ಮಷಿನ್ನಿನ ಮುಂದೆ ನಿಲ್ಲುವುದು, ಸಂಜೆ ಮತ್ತೆ ನಿಂತೇ ಊರಿಗೆ ಮರಳುವುದು. ಕಳೆದ ವರ್ಷ ಒಂದು ದಿನ ಚೀಲ ತುಂಬಿ ಬೇಳೆ ನೆಲಕ್ಕೆ ಸುರಿದು ಅವನ ಪಾದ ಮುಚ್ಚಿದರೂ, ಮಷಿನ್ನು ನಿಲ್ಲಿಸದೆ ಗೋಡೆ ನೋಡುತ್ತ ನಿಂತಿದ್ದ. ಜೊತೆಗಾರ ಮಂಜೂರ್ ಭುಜ ಹಿಡಿದು ಅಲುಗಿಸಿದ. “ಏ ಆನಂದ್, ಜೀವ ಅದನೋ ಇಲ್ಲೋ?”

ಅದಕ್ಕೆ ಖಚಿತ ಉತ್ತರ ತನಗೂ ಗೊತ್ತಿಲ್ಲ ಎಂದು ಆನಂದಕುಮಾರನಿಗೆ ಆಗ ತಿಳಿಯಿತು.

ಯಾರಿಗೂ ಹೇಳದೆ ಕಲಬುರಗಿಯಲ್ಲೊಬ್ಬ ಮನೋವೈದ್ಯರನ್ನು ಕಂಡ. ದಿನಕ್ಕೊಂದು ಬಿಳಿ ಗುಳಿಗೆ ಬರೆದುಕೊಟ್ಟರು. ನುಂಗುವುದು ಸುಲಭವಿತ್ತು, ಮನೆಯಲ್ಲಿ ಹೇಳುವುದೇ ಕಷ್ಟ. ಓಣಿಯಲ್ಲಿ ಎಲ್ಲರಿಗೂ ಪುಕ್ಕಟೆ ಧೈರ್ಯ ಹಂಚುವವನು ಅವನೇ. ಮಾಲು ಖಾಲಿಯಾಗಿದೆ ಎಂದು ಬೋರ್ಡು ಹಾಕುವುದು ಹೇಗೆ? ಗುಳಿಗೆಗಳನ್ನೆಲ್ಲ ಪಟ್ಟಿಯಿಂದ ಬಿಡಿಸಿ, ಹಳೆಯ ಬಿ-ಕಾಂಪ್ಲೆಕ್ಸ್ ಡಬ್ಬಿಗೆ ಹಾಕಿಟ್ಟ.

“ಶಕ್ತಿ ಗುಳಿಗಿ ಕೆಂಪಗ ಇರ್ತಾವಲ್ರಿ?” ಎಂದು ಹೆಂಡತಿ ಕಾವೇರಿ ಕೇಳಿದ್ದಳು.

“ಹೊಸ ಕಂಪನಿ,” ಎಂದ. ಅಂಥ ಉತ್ತರ ಹೊಳೆದದ್ದಕ್ಕೆ ಎರಡು ದಿನ ತನ್ನನ್ನು ತಾನೇ ಮೆಚ್ಚಿಕೊಂಡಿದ್ದ.

ಈಚೆಗೆ ಡಬ್ಬಿ ಬೇಗ ಬೇಗ ಬರಿದಾಗತೊಡಗಿತು. ನುಂಗಿದ್ದು ಮರೆತು ಮತ್ತೆ ನುಂಗುತ್ತಿರಬೇಕು, ತಲೆ ಅಷ್ಟು ಕೆಟ್ಟಿದೆ ಎಂದುಕೊಂಡ. ಅದನ್ನೂ ಯಾರಿಗೂ ಹೇಳಲಿಲ್ಲ.

ಮಂಗಳವಾರ ಮಧ್ಯಾಹ್ನ ಕಾವೇರಿಯ ಫೋನು ಬಂತು. “ಅತ್ತಿಯವ್ರಿಗೆ ಮೈಯೆಲ್ಲ ನಡಗಲಾಕತ್ತದ್ರಿ. ಆಂಬ್ಯುಲೆನ್ಸ್‌ನ್ಯಾಗ ಹೊಂಟೀವಿ. ಲಗೂನ ದವಾಖಾನಿಗೆ ಬರ್ರಿ.”

ಅವನ ತಾಯಿ ಶೇವಂತಾ ಕಮಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕೆಂಪು ಬಾಳೆಹಣ್ಣು ಮಾರುತ್ತಲೇ ಮಂಡಿ ಸವೆಸಿಕೊಂಡವಳು. ಎರಡು ದಿನದ ಹಿಂದೆ ಕಾವೇರಿ ಅವಳನ್ನು ಪೇಟೆಯ ಡಾಕ್ಟರಿಗೆ ತೋರಿಸಿ ನೋವಿನ ಕ್ಯಾಪ್ಸೂಲ್ ತಂದಿದ್ದಳು. ಈಗ ದವಾಖಾನೆಯ ಮಂಚದ ಮೇಲೆ ಬೆವರಿನಲ್ಲಿ ತೊಯ್ದು ಮಲಗಿದ್ದಾಳೆ. ಕಾಲುಗಳು ತಮ್ಮಷ್ಟಕ್ಕೇ ಜಗ್ಗುತ್ತಿವೆ. “ಬಸ್ ಬಂತು, ಬುಟ್ಟಿ ಎತ್ತೋ,” ಎಂದು ಬಡಬಡಿಸುತ್ತಿದ್ದಾಳೆ.

ಡಾಕ್ಟರ್ ಮೆಹರೀನ್ ಅವಳ ಪಾದವನ್ನು ಮೇಲಕ್ಕೆ ಒತ್ತಿ ಹಿಡಿದರು. ಪಾದ ಕೈಯಲ್ಲೇ ಪಟಪಟ ಬಡಿದುಕೊಂಡಿತು. “ಏನೇನು ಗುಳಿಗಿ ತಗೊಂಡಾರ?”

ಕಾವೇರಿ ಚೀಲದಿಂದ ಎರಡನ್ನೂ ತೆಗೆದಳು. “ಮಣಕಾಲಿಗೆ ಈ ಕ್ಯಾಪ್ಸೂಲ್. ಇವು ಬಿ-ಕಾಂಪ್ಲೆಕ್ಸ್ರಿ, ನಮ್ಮ ಮನಿಯವ್ರದು. ಕೈಯಾಗ ಶಕ್ತಿ ಇಲ್ಲಂತ ಅತ್ತಿಯವ್ರೂ ಹದಿನೈದು ದಿನದಿಂದ ದಿನಾ ಎರಡು ತಗೋತಾರ.”

ಡಬ್ಬಿ ಬೇಗ ಬರಿದಾಗುತ್ತಿದ್ದದ್ದು ಯಾಕೆಂದು ಆನಂದಕುಮಾರನಿಗೆ ಈಗ ಗೊತ್ತಾಯಿತು. ಡಾಕ್ಟರು ಡಬ್ಬಿಯ ಮೇಲಿನ ಹೆಸರು ಓದಿ ಪಕ್ಕಕ್ಕಿಟ್ಟರು. “ಈ ಕ್ಯಾಪ್ಸೂಲ್ ಒಂದರಿಂದ ಇಷ್ಟು ಆಗೂದು ಕಮ್ಮಿ. ತಲಿ ಸ್ಕ್ಯಾನ್ ಮಾಡಿಸೋಣ,” ಎಂದು ನರ್ಸಿಗೆ ಹೇಳಿದರು.

ಪಕ್ಕದ ಮಂಚದ ರೋಗಿಯ ಜೊತೆಗೆ ಬಂದಿದ್ದ ಊರಿನವನೇ ಆದ ಗುರುಲಿಂಗಪ್ಪ ಅಲ್ಲೇ ಕೂತಿದ್ದ. ಇಲ್ಲಿ ಆಡಿದ ಮಾತು ಅವನಿಗಿಂತ ಮೊದಲೇ ಕಮಲಾಪುರ ಮುಟ್ಟುತ್ತದೆ. ಆನಂದಕುಮಾರ ಅವನನ್ನು ನೋಡಿದ, ಹೆಂಡತಿಯನ್ನು ನೋಡಿದ, ಕೊನೆಗೆ ಅವ್ವನ ಕಾಲು ನೋಡಿದ.

“ಅವು ಬಿ-ಕಾಂಪ್ಲೆಕ್ಸ್ ಅಲ್ರಿ ಮೇಡಂ.” ಫೋನಿನ ಕವರಿನ ಹಿಂದೆ ಮಡಚಿಟ್ಟಿದ್ದ ಚೀಟಿಯನ್ನು ತೆಗೆದುಕೊಟ್ಟ. “ನನ್ನವು. ಮನಸ್ಸಿನ ಡಾಕ್ಟರ್ ಕೊಟ್ಟಿದ್ದು.”

ಚೀಟಿ ಓದಿದ ಮೆಹರೀನ್ ಎರಡೂ ಗುಳಿಗೆ ನಿಲ್ಲಿಸಿ, ಸಲೈನ್ ಹಚ್ಚಿಸಿ, ನಡುಕ ಇಳಿಯಲು ಇಂಜೆಕ್ಷನ್ ಕೊಡಿಸಿದರು. ಆಮೇಲೆ ಅವನನ್ನು ಹತ್ತಿರ ಕರೆದರು.

“ತಲ್ಯಾಗ ಸೆರೊಟೋನಿನ್ ಅಂತ ಒಂದು ರಸ ಇರ್ತದ. ನರದಿಂದ ನರಕ್ಕ ಸುದ್ದಿ ಒಯ್ಯೂದು ಅದರ ಕೆಲಸ. ಕೆಲಸ ಮುಗಿದ ಮ್ಯಾಲ ಅದು ವಾಪಸ್ ಹೋಗಬೇಕು. ನಿಮ್ಮ ಗುಳಿಗಿ ಆ ವಾಪಸ್ ಹೋಗೂದನ್ನ ತಡೀತದ. ಈ ಕ್ಯಾಪ್ಸೂಲ್ ಅಫೀಮಿನ ಬಳಗದ್ದು. ಅಂಥವೆಲ್ಲ ಹಿಂಗ ಮಾಡೂದಿಲ್ಲ. ಆದ್ರ ಇದು ನೋವು ತಡಿಯೂದರ ಜೊತಿಗೆ ಸೆರೊಟೋನಿನ್ ವಾಪಸ್ ಹೋಗೂದನ್ನೂ ತಡೀತದ. ಎರಡೂ ಕೂಡಿದ್ವು, ಸೆರೊಟೋನಿನ್ ಮಿತಿ ಮೀರ್ತು.”

ಚೀಲ ತುಂಬಿದರೂ ಮಷಿನ್ನು ನಿಲ್ಲಿಸದಿದ್ದರೆ ಏನಾಗುತ್ತದೆ ಎಂದು ಆನಂದಕುಮಾರನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

“ನಿಮ್ಮ ಗುಳಿಗಿ ಕೆಟ್ಟದ್ದಲ್ಲ, ನೀವು ಬಿಡಬ್ಯಾಡ್ರಿ. ಡಬ್ಬಿ ಬದಲಿ ಮಾಡ್ರಿ, ಅಷ್ಟ.”

ಮರುದಿನ ಸಂಜೆ ಶೇವಂತಾಳಿಗೆ ಪೂರ್ತಿ ಎಚ್ಚರ ಬಂತು. ನಡೆದದ್ದನ್ನೆಲ್ಲ ಕಾವೇರಿಯಿಂದ ಕೇಳಿ ಮಗನತ್ತ ತಿರುಗಿದಳು. “ಹುಚ್ಚರ ಗುಳಿಗಿ ಏನೋ ಅವು?”

“ಸುಸ್ತಾದವ್ರ ಗುಳಿಗಿ, ಅವ್ವಾ.”

“ಮತ್ತ ನನಗ್ಯಾಕ ಹೇಳಲಿಲ್ಲ? ಸುಸ್ತು ಅಂದ್ರ ಏನಂತ ನನಗ ತಿಳೀತಿದ್ದಿಲ್ಲೇನು?”

ಆನಂದಕುಮಾರ ಅವ್ವನ ಕಾಲಿನ ಮೇಲೆ ಹೊದಿಕೆ ಸರಿಪಡಿಸಿದ. ನಿನ್ನೆಯಿಂದ ಅವನ ಜೊತೆ ಮಾತು ಬಿಟ್ಟಿದ್ದ ಕಾವೇರಿ, ಗುಳಿಗೆ ಬೇರೆಡೆ ಹಾಕಿ ಖಾಲಿ ಮಾಡಿದ ಡಬ್ಬಿಯ ಲೇಬಲ್ಲನ್ನು ಉಗುರಿನಿಂದ ಕೆರೆದು ಕಿತ್ತು ಮಂಚದ ಮೇಲೆ ಒಗೆದಳು.

ಅಷ್ಟರಲ್ಲಿ ಗುರುಲಿಂಗಪ್ಪ ಕುರ್ಚಿಯನ್ನು ಇತ್ತ ಸರಿಸಿದ. ಬಂತು, ಇನ್ನು ಊರಿಗೆಲ್ಲ ಗೊತ್ತಾಗುತ್ತದೆ ಎಂದುಕೊಂಡ ಆನಂದಕುಮಾರ.

“ತಮ್ಮಾ,” ಎಂದ ಗುರುಲಿಂಗಪ್ಪ, ಅವನಿಂದ ಎಂದೂ ಕೇಳದಷ್ಟು ಸಣ್ಣ ದನಿಯಲ್ಲಿ. “ಆ ಮನಸ್ಸಿನ ಡಾಕ್ಟರ ಹೆಸರು ಜರಾ ಬರದು ಕೊಡು.”

ಬೇರೆ ಕಾಗದ ಸಿಗದೆ, ಆನಂದಕುಮಾರ ಆ ಲೇಬಲ್ಲಿನ ಮೇಲೇ ಬರೆದುಕೊಟ್ಟ. ಹಿಂದೆ ಅಂಟು ಇನ್ನೂ ಉಳಿದಿತ್ತು. ಗುರುಲಿಂಗಪ್ಪನ ಬೆರಳಿಗೆ ಹತ್ತಿಕೊಂಡಿತು.