ಗುಳ್ಳೆಯಿಲ್ಲದ ತಟ್ಟೆಗಳು

ಆ ಪ್ರಯೋಗಾಲಯದಲ್ಲಿ ಎಲ್ಲರಿಗೂ ಅವಳು ದೊಡ್ಡಕ್ಕ. ರೋಗಾಣು ಬೆಳೆಸಿ ನೋಡುವುದಕ್ಕೆ ಗಾಜಿನ ತಟ್ಟೆಗಳಲ್ಲಿ, ಆರಿದರೆ ಗಟ್ಟಿಯಾಗುವ ಅಗಾರ್ ಪಾಕ ಹುಯ್ಯುವುದು ಇಪ್ಪತ್ತೆರಡು ವರ್ಷದಿಂದ ಅವಳದೇ ಕೆಲಸ. ಅಗಾರ್ ಪುಡಿಯನ್ನು ನೀರಿಗೆ ಹಾಕಿ ಕುಲುಕಬಾರದು, ಮೆಲ್ಲಗೆ ತಿರುಗಿಸಬೇಕು. ಕುದಿಸಿ, ಕೈ ತಾಳುವಷ್ಟು ಆರಿಸಿ, ಶೀಶೆಯನ್ನು ತಟ್ಟೆಯ ಹತ್ತಿರಕ್ಕೆ ತಗ್ಗಿಸಿ ಒಂದೇ ಧಾರೆಯಲ್ಲಿ ಹುಯ್ಯಬೇಕು. ಗುಳ್ಳೆ ಉಳಿದರೆ ರೋಗಾಣು ಯಾವುದು, ಗುಳ್ಳೆ ಯಾವುದು ಎಂದು ಡಾಕ್ಟರು ತಲೆ ಕೆರೆದುಕೊಳ್ಳಬೇಕು. ದೊಡ್ಡಕ್ಕನ ತಟ್ಟೆಯಲ್ಲಿ ಗುಳ್ಳೆಯೇ? ಛೇ, ಮಾತೇ ಇಲ್ಲ! ಈಚೆಗೆ ಒಂದಷ್ಟು ಏಳುತ್ತಿದ್ದದ್ದು ನಿಜ. ಆದರೆ ಚಹಾ ಕುಡಿದು ಬರುವಷ್ಟರಲ್ಲಿ ಅವು ತಾವೇ ಒಡೆದಿರುತ್ತಿದ್ದವು.

ಒಂದು ದಿನ ಚಹಾ ಮುಗಿಸಿ ಬಂದರೆ, ತಾನು ಹಚ್ಚದೇ ಹೋಗಿದ್ದ ಬರ್ನರ್ ಬಿಸಿಯಾಗಿದೆ! ಮರುದಿನವೂ ಅದೇ ಕಥೆ, ಜೊತೆಗೆ ಎರಡು ತಟ್ಟೆಗಳ ಮುಚ್ಚಳ ಓರೆ. ಅವಳ ಅನುಮಾನ ನೆಟ್ಟಗೆ ಹೋಗಿ ಬಾಟಲಿ ತೊಳೆಯುವವಳ ಮೇಲೆ ಕೂತಿತು. ಹೋದ ವರ್ಷ “ನಂಗೂ ಹುಯ್ಯೋದು ಹೇಳ್ಕೊಡಿ ಅಕ್ಕಾ” ಅಂತ ಹಲ್ಲು ಗಿಂಜಿದವಳು ಅವಳೇ ತಾನೆ?

“ನನ್ನ ಅನ್ನಕ್ಕೇ ಕಲ್ಲು ಹಾಕ್ತಿದಾಳೆ ಕಣ್ರೀ,” ಎಂದಳು ಗಂಡನಿಗೆ.

“ನಿಂಗೆ ಗೋಡೆ ಮೇಲಿನ ಹಲ್ಲಿ ಮೇಲೂ ಅನುಮಾನ,” ಎಂದ ಅವನು.

ಗಂಡನಿಗೇನು ಗೊತ್ತು? “ವಯಸ್ಸಾಯ್ತು, ಉಗ್ರಾಣದಲ್ಲಿ ಆರಾಮಾಗಿ ಕೂತ್ಕೊಳ್ಳಿ” ಎಂದು ಡಾಕ್ಟರು ಆಗಲೇ ಎರಡು ಸಲ ಹೇಳಿದ್ದರು. ಇನ್ನೇನು ಪ್ರಯೋಗಾಲಯದ ತಪಾಸಣೆಗೆ ಮೇಲಿನವರು ಬರುವವರಿದ್ದರು; ಆ ದಿನ ತಟ್ಟೆ ಕೆಟ್ಟರೆ, ಮೂರನೆಯ ಸಲ ಹೇಳುವುದಿಲ್ಲ, ಕಳಿಸಿಯೇ ಬಿಡುತ್ತಾರೆ. ಆ ಮೇಜು ಬಿಟ್ಟರೆ ತಾನು ಯಾರೂ ಅಲ್ಲ ಎಂಬ ಹೆದರಿಕೆ ಅವಳನ್ನು ತಿನ್ನುತ್ತಿತ್ತು.

ತಪಾಸಣೆಯ ಬೆಳಿಗ್ಗೆ ಅರವತ್ತು ತಟ್ಟೆ ಹುಯ್ದು, ಬಾಗಿಲಿಗೆ ಬೀಗ ಜಡಿದಳು. ಬಾಟಲಿಯವಳು ಓಡಿಬಂದಳು.

“ಅಕ್ಕಾ, ಐದೇ ನಿಮಿಷ ಬೀಗ ತೆಗೀರಿ. ಗಟ್ಟಿಯಾಗಿಬಿಡುತ್ತೆ!”

“ನಿನ್ನ ಆಟ ನಂಗೊತ್ತು, ಹೋಗೆ.”

ಚಹಾ ಅವತ್ತು ಬಲು ರುಚಿಯಾಗಿತ್ತು. ಬಂದು ಬೀಗ ತೆಗೆದು ನೋಡಿದರೆ, ಅಯ್ಯೋ! ಅರವತ್ತರಲ್ಲೂ ಗುಳ್ಳೆ, ಗಟ್ಟಿಯಾಗಿ ಕೂತುಬಿಟ್ಟಿವೆ.

ಬಾಟಲಿಯವಳು ಹಿಂದೆಯೇ ನಿಂತಿದ್ದಳು. “ಬಿಸಿ ಇರೋವಾಗ್ಲೇ ಮೇಲೆ ಬರ್ನರ್ ಉರಿ ಸವರಿದ್ರೆ ಗುಳ್ಳೆ ಒಡೆದುಹೋಗ್ತವೆ ಅಕ್ಕಾ.”

“ಅಂದ್ರೆ ದಿನಾ ನೀನು…”

“ನಿಮ್ಮ ಕೈ ನಡುಗೋಕೆ ಶುರುವಾದಾಗಿಂದ.”

ದೊಡ್ಡಕ್ಕ ತನ್ನ ಕೈ ನೋಡಿಕೊಂಡಳು. ಬೀಗದ ಕೈ ಬೆರಳಲ್ಲಿ ಕಿಣಿಕಿಣಿ ಎನ್ನುತ್ತಿತ್ತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

“ಇನ್ನೊಂದು ಶೀಶೆ ಬಿಸಿನೀರಲ್ಲಿದೆ. ನೀನೇ ಹುಯ್ಯಿ,” ಎಂದಳು. “ಹುಯ್ದಿದ್ದು ಯಾರು ಅಂತ ಡಾಕ್ಟರಿಗೆ ನಾನೇ ಹೇಳ್ತೀನಿ.”