ಒಂದು ‘ದಯವಿಟ್ಟು’ ಮಾಡಿದ ಉಪಕಾರ

“ಮಾವಾರ, ಲಂಡನ್ನಿನಿಂದ ಯಾವಾಗ ಬಂದ್ರಿ?”

ಬನಹಟ್ಟಿಯ ನಮ್ಮ ಮನೆಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ ನನ್ನನ್ನು, ಮುಧೋಳದಿಂದ ಬಂದ ಹೆಂಡತಿಯ ತಮ್ಮ ಕೇಳಿದ. ಲಂಡನ್ನಿನಲ್ಲಿ ಪಾಕೀಟು ಕಳುವಾಗಿದೆ, ದಯವಿಟ್ಟು ಹಣ ಕಳಿಸು ಎಂದು ನನ್ನ ಹೆಸರಿನ ಇಮೇಲ್ ಅವನಿಗೆ ಹೋಗಿತ್ತಂತೆ. ಕಳ್ಳನಿಗೆ ದಾರಿ ಸಿಕ್ಕಿದ್ದು ಹೇಗೆಂದು ನನಗೆ ಆಗ ಹೊಳೆಯಿತು. ಹಿಂದಿನ ದಿನವಷ್ಟೇ ‘ನಿಮ್ಮ ಇಮೇಲ್ ಖಾತೆ ಬಂದ್ ಆಗಲಿದೆ’ ಎಂಬ ಪತ್ರಕ್ಕೆ ಹೆದರಿ, ಕೇಳಿದ ಪಾಸ್‌ವರ್ಡನ್ನು ಬರೆದು ಕಳಿಸಿ ಕೃತಾರ್ಥನಾಗಿದ್ದೆ.

“ರೊಕ್ಕ ಕಳಿಸಿದೇನಲೇ?”

“ಇಲ್ರಿ. ನೀವು ಎಂದಾರ ನನಗ ‘ದಯವಿಟ್ಟು’ ಅಂದೀರೇನ್ರಿ? ಆಗಲೇ ಇದು ಕಳ್ಳನ ಕೆಲಸ ಅಂತ ಗೊತ್ತಾತು.”

ಉಳಿದವರು ಕಳಿಸಿಬಿಟ್ಟಾರೆಂದು ಸಂಜೆಯವರೆಗೆ ಬಂಧುಗಳಿಗೆಲ್ಲ ಫೋನ್ ಮಾಡಿ, ನಾನು ಬನಹಟ್ಟಿಯಲ್ಲೇ ಇದ್ದೇನೆಂದು ಪ್ರಮಾಣ ಮಾಡಿದೆ.

ಈಗ ಅತಿವಿನಯದ ಇಮೇಲ್ ಬಂದರೆ ಮುಟ್ಟುವುದಿಲ್ಲ. ಆದರೆ ಮೊನ್ನೆ ನಾನೇ ಮಗಳ ಮದುವೆಗೆ ‘ದಯವಿಟ್ಟು ಬನ್ನಿ’ ಎಂದು ಎಲ್ಲರಿಗೂ ಇಮೇಲ್ ಬರೆದೆ. ಇನ್ನೂ ಒಬ್ಬರೂ ಉತ್ತರಿಸಿಲ್ಲ.