ನಾನು ನಿಂತು ಬಂದೆ, ಬ್ಯಾಗು ಕೂತು ಬಂತು

೧೯೯೬ರಲ್ಲಿ ಏಳನೇ ಕ್ಲಾಸಿಗೇ ಓದು ಬಿಟ್ಟವನು ನಾನು. ಆದರೆ ಬಸ್ಸಿನ ಕಿಟಕಿಯಿಂದ ಬ್ಯಾಗು ತೂರಿಸಿ ಸೀಟು ಹಿಡಿಯೋದರಲ್ಲಿ ನನ್ನ ಮೀರಿಸಿದವರಿಲ್ಲ. ಈ ದಸರಾ ರಜೆಗೂ ಹಿಂದೂಪುರದಲ್ಲಿ ಕಲ್ಯಾಣದುರ್ಗದ ಬಸ್ಸಿಗೆ ಹಾಗೇ ತೂರಿಸಿದೆ. ಬಾಗಿಲಲ್ಲಿ ಜನ ನನ್ನನ್ನೇ ಹೊರಕ್ಕೆ ತಳ್ಳಿದರು, ಬಸ್ಸು ಹೊರಟೇಬಿಟ್ಟಿತು! ಬ್ಯಾಗಲ್ಲಿದ್ದದ್ದು ಹೆಂಡತಿಗೆ ಅಂತ ನನ್ನ ಕೈಯಾರೆ ನೇಯ್ದ ಹಬ್ಬದ ಸೀರೆ.

ಆಮೇಲೆ ಬಂದ ಬಸ್ಸಲ್ಲಿ ನಿಂತುಕೊಂಡೇ ಕಲ್ಯಾಣದುರ್ಗಕ್ಕೆ ಬಂದಿಳಿದೆ. ಬಸ್ ಸ್ಟ್ಯಾಂಡಿನ ಕಟ್ಟೆ ಮೇಲೆ ಯಾರೋ ಹೆಂಗಸು ನನ್ನ ಬ್ಯಾಗು ತಬ್ಬಿಕೊಂಡು ಕೂತಿದ್ದರು.

"ಸೀಟಿಗೆ ಬ್ಯಾಗು ಹಾಕಿದ್ದು ನೀನೇನಪ್ಪ? ದಾರಿಯುದ್ದಕ್ಕೂ ಜಗಳ ಆಡ್ಕಂಡು ಬಂದೆ, ಒಬ್ಬರನ್ನೂ ಕೂರಾಕೆ ಬಿಡ್ಲಿಲ್ಲ. ನಮ್ಮ ಬೆಳುಗುಪ್ಪದ ಬಸ್ಸೂ ಹೋಯ್ತು. ನೀನೇ ಬರ್ಲಿಲ್ಲ ಕಣಪ್ಪ!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಈಗ ನನಗೆ ಸ್ವಂತ ಮನೆ ಒಂದು, ಮಕ್ಕಳು ಇಬ್ಬರು, ಬೆಳುಗುಪ್ಪದಲ್ಲಿ ಅಕ್ಕ ಒಬ್ಬಳು.